ಎಡಗೈಗೊಂದು ಕತ್ತರಿ

ನನ್ನದು ಎಡಗೈ. ಬರೆಯೋದಕ್ಕೆ, ಬಾಗಿಲು ತೆಗೆಯೋದಕ್ಕೆ, ನಾಯಿಯ ತಲೆ ಸವರೋದಕ್ಕೆ, ಎಲ್ಲದಕ್ಕೂ ಅದೇ ಮುಂದೆ ಹೋಗುತ್ತದೆ. ಪಶುವೈದ್ಯಕೀಯಕ್ಕೆ ಸೀಟು ಸಿಕ್ಕಿದ ಖುಷಿಯಲ್ಲಿ ಇದು ನನಗೆ ನೆನಪೇ ಆಗಿರಲಿಲ್ಲ. ಕಾಲೇಜಿನಿಂದ ಸಾಮಾನಿನ ಪಟ್ಟಿ ಬಂತು. ಅದನ್ನು ನೋಡಿದವಳೇ ಆನ್‌ಲೈನ್‌ನಲ್ಲಿ ಒಂದು ಡಿಸೆಕ್ಷನ್ ಬಾಕ್ಸ್, ಅಂದರೆ ಪ್ರಾಣಿಯ ದೇಹ ಕೊಯ್ದು ಕಲಿಯೋ ಸಾಮಾನಿನ ಪೆಟ್ಟಿಗೆ, ತರಿಸಿಬಿಟ್ಟೆ. ಇಪ್ಪತ್ತಕ್ಕೂ ಹೆಚ್ಚು ಸಾಮಾನು, ಫಳಫಳ ಹೊಳೆಯುತ್ತಿದ್ದವು. ಅಕ್ಕ ಬಂದಾಗ ಹೆಮ್ಮೆಯಿಂದ ಬಿಚ್ಚಿ ತೋರಿಸಿದೆ.

ಅಕ್ಕ ಅಂದರೆ ನಮ್ಮ ದೊಡ್ಡಪ್ಪನ ಮಗಳು. ಪಶುವೈದ್ಯೆಯಾಗಿ ಹತ್ತು ವರ್ಷ ಆಗಿದೆ. ಅವಳು ಏನೂ ಮಾತಾಡಲಿಲ್ಲ. ತನ್ನ ತಲೆಯಿಂದ ಒಂದು ಕೂದಲು ಕಿತ್ತು ಮೇಜಿನ ಮೇಲೆ ಇಟ್ಟಳು. ಬಾಕ್ಸಿನಿಂದ ಚಿಮುಟದಂಥ ಫೋರ್ಸೆಪ್ಸ್ ತೆಗೆದು ನನ್ನ ಕೈಗೆ ಕೊಟ್ಟು, "ಇದನ್ನ ಎತ್ತು ನೋಡೋಣ" ಅಂದಳು. ಎತ್ತೋಕೆ ಹೋದೆ. ಜಾರಿತು. ಇನ್ನಷ್ಟು ಒತ್ತಿ ಹಿಡಿದೆ, ಆಗ ಎರಡು ತುದಿಗಳೂ ಒಂದರ ಪಕ್ಕ ಒಂದು ಸರಿದು ಹೋದವು. ಆಮೇಲೆ ಕತ್ತರಿಯಂಥ ಹಿಡಿ ಇರುವ ಆರ್ಟರಿ ಫೋರ್ಸೆಪ್ಸ್ ಮುಚ್ಚಿ ಕಿಟಕಿ ಕಡೆಗೆ ಹಿಡಿಸಿದಳು. ಬಾಯಿ ಪೂರ್ತಿ ಮುಚ್ಚಿದ್ದರೂ ನಡುವೆ ಸಣ್ಣಗೆ ಬೆಳಕಿನ ಗೆರೆ ಕಾಣುತ್ತಿತ್ತು. "ರಕ್ತನಾಳ ಹಿಡಿಯೋ ಸಾಮಾನು ಇದು. ಇಲ್ಲಿ ಬೆಳಕು ಬಂದರೆ ರಕ್ತವೂ ಬರುತ್ತೆ."

ಕತ್ತರಿ ಪರೀಕ್ಷೆಗೆ ಒಂದು ತೆಳುವಾದ ಬಟ್ಟೆ ಒದ್ದೆ ಮಾಡಿ ಕೊಟ್ಟಳು. ನಾನು ಎಡಗೈಯಲ್ಲಿ ಕತ್ತರಿಸಿದೆ. ಬಟ್ಟೆ ಕತ್ತರಿಸಲೇ ಇಲ್ಲ, ಎರಡು ಅಲಗಿನ ನಡುವೆ ಮಡಚಿಕೊಂಡು ಕೂತಿತು. ಅಕ್ಕ ಅದೇ ಕತ್ತರಿಯನ್ನು ಬಲಗೈಯಲ್ಲಿ ಹಿಡಿದಳು, ಬಟ್ಟೆ ತುದಿಯವರೆಗೂ ನೀಟಾಗಿ ಸೀಳಿತು. ಆಗ ನನ್ನ ಮುಖ ನೋಡಿ, "ಅಯ್ಯೋ, ನೀನು ಎಡಗೈ ಅಲ್ವಾ! ನಾನೇ ಮರೆತಿದ್ದೆ" ಅಂದಳು.

ಇದು ಬಹಳ ಜನಕ್ಕೆ ಗೊತ್ತಿರೋದಿಲ್ಲ. ಕತ್ತರಿ ಅನ್ನೋದು ಎರಡೂ ಕೈಗೆ ಒಂದೇ ಅಲ್ಲ. ಬಲಗೈಯಲ್ಲಿ ಹಿಡಿದಾಗ ಬೆರಳುಗಳು ಸಹಜವಾಗಿ ಕೊಡುವ ಒತ್ತಡಕ್ಕೆ ಎರಡು ಅಲಗುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಡಗೈಯಲ್ಲಿ ಹಿಡಿದರೆ ಅದೇ ಒತ್ತಡ ಅವನ್ನು ದೂರ ಮಾಡುತ್ತದೆ. ಚಿಕ್ಕವಳಿದ್ದಾಗ ಕಾಗದ ಕತ್ತರಿಸುವಾಗಲೆಲ್ಲ ನನ್ನದು ಹರಿದು ಚಿಂದಿಯಾಗುತ್ತಿತ್ತು. ನನಗೆ ಕೈ ಚಳಕ ಇಲ್ಲ ಅಂತಲೇ ಅಂದುಕೊಂಡಿದ್ದೆ. ತಪ್ಪು ಕತ್ತರಿಯದ್ದು ಅಂತ ಅವತ್ತು ತಿಳಿಯಿತು. ನಿಜ ಹೇಳಬೇಕೆಂದರೆ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆಯೇ ಇಬ್ಬರೂ ಸರ್ಜಿಕಲ್ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವರು ವಯಸ್ಸಾದವರು, ಬಹಳ ತಾಳ್ಮೆಯ ಮನುಷ್ಯ. ಎಡಗೈಯವರಿಗೆಂದೇ ಮಾಡಿದ ಕತ್ತರಿ ಇದೆಯಾ ಅಂತ ಕೇಳಿದಾಗ ಒಳಗಿನಿಂದ ಒಂದು ಹಳೆಯ ಡಬ್ಬ ತಂದರು. ಅದರಲ್ಲಿ ಒಂದೇ ಒಂದು ಇತ್ತು. ಕೈಗೆ ತೆಗೆದುಕೊಂಡೆ, ಬಟ್ಟೆ ಮೇಲೆ ಇಟ್ಟೆ. ಸರ್ ಅಂತ ಹೋಯಿತು. ಇನ್ನೊಮ್ಮೆ ಕತ್ತರಿಸಿದೆ. ಮತ್ತೊಮ್ಮೆ. ಅವರು ನಗುತ್ತಾ, "ಬಟ್ಟೆ ಮುಗೀತಮ್ಮಾ" ಅಂದರು.

ನನಗೆ ಆಸೆ ಜಾಸ್ತಿಯಾಯಿತು. ಆರ್ಟರಿ ಫೋರ್ಸೆಪ್ಸ್, ಹೊಲಿಗೆ ಸೂಜಿ ಹಿಡಿಯೋ ನೀಡಲ್ ಹೋಲ್ಡರ್ ಎಲ್ಲವನ್ನೂ ಎಡಗೈಯದ್ದೇ ತರಿಸಿಕೊಡಿ ಅಂತ ಕೇಳಿದೆ. ಅಲ್ಲಿ ಅಕ್ಕ ತಡೆದಳು. "ಕತ್ತರಿ ತಗೋ, ಬೇಡ ಅನ್ನಲ್ಲ. ಓದೋ ವರ್ಷಗಳಲ್ಲಿ ದಿನಾ ಕೈಯಲ್ಲಿ ಇರೋದು ಅದು. ಆದರೆ ಆಪರೇಷನ್‌ಗೆ ನಿಂತಾಗ ಟ್ರೇ ಒಂದೇ ಬರುತ್ತೆ. ಅದರಲ್ಲಿ ಇರೋದೆಲ್ಲ ಬಲಗೈ ಸಾಮಾನು. ಆಗ ಏನು ಮಾಡ್ತೀಯ?"

ಅವಳು ಹೇಳಿದ್ದು ಸರಿ ಇತ್ತು. ಆರ್ಟರಿ ಫೋರ್ಸೆಪ್ಸ್ ಮುಚ್ಚೋದಕ್ಕೆ ಯಾವ ಕೈ ಆದರೂ ಒಂದೇ. ತೊಂದರೆ ಇರೋದು ಬಿಚ್ಚುವಾಗ. ಬಲಗೈಯವರು ಹೆಬ್ಬೆರಳನ್ನು ಸ್ವಲ್ಪ ಆಚೆ ಒತ್ತಿದರೆ ಸಾಕು, ಅದನ್ನು ಮುಚ್ಚಿದ ಹಾಗೇ ಕಚ್ಚಿ ಹಿಡಿದಿರುವ, ಹಿಡಿಯ ಹತ್ತಿರದ ಹಲ್ಲು ಬಿಟ್ಟುಕೊಳ್ಳುತ್ತದೆ. ಎಡಗೈಯಲ್ಲಿ ಹೆಬ್ಬೆರಳನ್ನು ಅಂಗೈ ಕಡೆಗೆ ಎಳೆದುಕೊಂಡು, ಉಂಗುರದ ಬೆರಳನ್ನು ಆಚೆ ತಳ್ಳಬೇಕು. ಮೊದಮೊದಲು ಬೆರಳು ನೋಯುತ್ತದೆ, ತುದಿ ಅಲುಗಾಡುತ್ತದೆ. ರಕ್ತನಾಳ ಹಿಡಿದಿರುವಾಗ ತುದಿ ಅಲುಗಾಡಬಾರದು. ಹಾಗಾಗಿ ಸಾಧಾರಣ ಆರ್ಟರಿ ಫೋರ್ಸೆಪ್ಸನ್ನೇ ಎರಡು ತಗೊಂಡೆ, ಒಂದು ನೇರ, ಒಂದು ಬಾಗಿದ್ದು.

ಸ್ಕಾಲ್ಪೆಲ್‌ಗೆ, ಅಂದರೆ ಆಪರೇಷನ್ ಚಾಕುವಿಗೆ, ಎಡ ಬಲ ಅಂತ ಏನೂ ಇಲ್ಲ. ಹಿಡಿ ಎರಡು ಬೇಕು. 3ನೇ ನಂಬರಿನದಕ್ಕೆ 10, 11, 15ರ ಸಣ್ಣ ಬ್ಲೇಡ್ ಕೂರುತ್ತವೆ. 4ನೇ ನಂಬರಿನದಕ್ಕೆ 20ರಿಂದ ಮೇಲಿನ ದೊಡ್ಡವು. ಹಸುವಿನ ಚರ್ಮ ಬಿಡಿಸೋಕೆ ಸಣ್ಣ ಬ್ಲೇಡ್ ಸಾಲದು, ಬೆಕ್ಕಿನ ನರ ಹುಡುಕೋಕೆ ದೊಡ್ಡದು ಆಗದು. ಬ್ಲೇಡ್ ಬದಲಿಸುವಾಗ ಮಾತ್ರ ಬೆರಳಲ್ಲಿ ಮುಟ್ಟಲೇಬೇಡ, ಫೋರ್ಸೆಪ್ಸ್‌ನಲ್ಲಿ ಹಿಡಿದು ಜಾರಿಸು ಅಂತ ಅಕ್ಕ ಮೂರು ಸಲ ಹೇಳಿದಳು. ಅವಳ ತೋರುಬೆರಳಲ್ಲಿ ಒಂದು ಬಿಳಿ ಗೆರೆ ಇದೆ. ಮೊದಲ ವರ್ಷದ್ದು.

ಆಮೇಲೆ ಸ್ಟೆತೊಸ್ಕೋಪ್. ಎಷ್ಟೋ ವರ್ಷದಿಂದ ಇದಕ್ಕೇ ಕಾದಿದ್ದೆ. ಹಾಕಿಕೊಂಡು ನನ್ನ ಎದೆ ಮೇಲೆ ಇಟ್ಟೆ. ಏನೂ ಕೇಳಿಸಲಿಲ್ಲ. ಇನ್ನೊಂದು ಹಾಕಿದೆ, ಅದರಲ್ಲೂ ಇಲ್ಲ. ಗಾಬರಿಯಾಯಿತು. ಅಂಗಡಿಯವರು ಅದನ್ನು ನನ್ನ ಕಿವಿಯಿಂದ ತೆಗೆದು, ತಿರುಗಿಸಿ ಮತ್ತೆ ಹಾಕಿದರು. "ಕಿವಿಗೆ ಹೋಗೋ ತುದಿ ಮೂಗಿನ ಕಡೆ ಮುಖ ಮಾಡಿರಬೇಕಮ್ಮಾ. ಕಿವಿಯ ದಾರಿ ಹಾಗೇ ಇರೋದು." ಎರಡು ಮುಖ ಇರುವ ಸ್ಟೆತೊಸ್ಕೋಪ್ ಆದರೆ ಯಾವ ಕಡೆ ತೆರೆದಿದೆ ಅಂತ ಬೆರಳಿಂದ ತಟ್ಟಿ ನೋಡಬೇಕು ಅಂತಲೂ ತೋರಿಸಿಕೊಟ್ಟರು. ಅಗಲವಾದ ಮುಖ ಏರು ಶ್ರುತಿಯ ಸದ್ದಿಗೆ, ಬಟ್ಟಲಿನಂಥದ್ದು ತಗ್ಗು ಶ್ರುತಿಯ ಸದ್ದಿಗೆ. ಈ ಸಲ ಲಬ್ ಡಬ್ ಅಂತ ಸ್ಪಷ್ಟವಾಗಿ ಕೇಳಿತು.

ನನ್ನ ಕಣ್ಣು ಹೃದ್ರೋಗ ತಜ್ಞರು ಬಳಸೋ ಭಾರದ ಮಾದರಿಯ ಮೇಲಿತ್ತು. ಅಕ್ಕ ಬೇರೆ ಲೆಕ್ಕ ಹಾಕಿದಳು. ಕುದುರೆಯ ಹೃದಯ ಸುಮ್ಮನೆ ನಿಂತಿದ್ದಾಗ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ಆಸ್ಪತ್ರೆಗೆ ಬಂದು ಹೆದರಿದ ಬೆಕ್ಕಿನದು 200 ದಾಟಬಹುದು. ಎರಡನ್ನೂ ಇದೇ ಕಿವಿ ಕೇಳಬೇಕು. ದೊಡ್ಡ ಮುಖ ಬೆಕ್ಕಿನ ಎದೆಯ ಮೇಲೆ ಪೂರ್ತಿ ಕೂರೋದೇ ಇಲ್ಲ, ಅಂಚಿನಲ್ಲಿ ಗಾಳಿ ಸೇರಿ ಸದ್ದು ಕೆಡುತ್ತದೆ. ಕೊಳವೆ ತೀರಾ ಗಿಡ್ಡ ಆದರೆ ಹಸುವಿನ ಕಾಲಿನ ಹತ್ತಿರ ತಲೆ ತಗ್ಗಿಸಬೇಕು, ಒದೆ ತಿನ್ನೋ ಜಾಗ ಅದು. ಕೊನೆಗೆ ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು, ಎರಡೂ ಮುಖ ಇರುವ ಉದ್ದ ಕೊಳವೆಯದ್ದು ಆರಿಸಿದೆವು. 1816ರಲ್ಲಿ ಲೆನೆಕ್ ಅನ್ನೋ ಫ್ರೆಂಚ್ ವೈದ್ಯರು ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಇಟ್ಟು ಕೇಳಿದ್ದರಂತೆ, ಇದರ ಕಥೆ ಶುರುವಾಗಿದ್ದು ಅಲ್ಲಿಂದ. ಅದನ್ನು ನೆನೆದರೆ ಭಾರದ ಮಾದರಿಗೆ ಹಟ ಹಿಡಿಯೋಕೆ ಮನಸ್ಸಾಗಲಿಲ್ಲ.

ಥರ್ಮಾಮೀಟರ್ ಡಿಜಿಟಲ್ಲೇ ತಗೊಂಡೆ. ಗಾಜಿನದು ಪ್ರಾಣಿಯ ಗುದದೊಳಗೆ ಮುರಿದರೆ ಗತಿ ಏನು? ಅಕ್ಕ ಅದರ ಹಿಂಬದಿಗೆ ಒಂದು ದಾರ, ದಾರದ ತುದಿಗೆ ಒಂದು ಕ್ಲಿಪ್ ಕಟ್ಟಿಕೊಟ್ಟಳು. ಕ್ಲಿಪ್ಪನ್ನು ಬಾಲದ ಕೂದಲಿಗೆ ಸಿಕ್ಕಿಸಿದರೆ ಥರ್ಮಾಮೀಟರ್ ಕೆಳಗೂ ಬೀಳೋದಿಲ್ಲ, ಒಳಗೂ ಹೋಗೋದಿಲ್ಲ.

ಗಂಬೂಟಿನ ವಿಷಯದಲ್ಲಿ ಅವಳು ಇಷ್ಟು ಹಟ ಮಾಡುತ್ತಾಳೆ ಅಂತ ಅಂದುಕೊಂಡಿರಲಿಲ್ಲ. ಪ್ರತಿಯೊಂದನ್ನೂ ತಿರುವಿ ಅಡಿಭಾಗ ನೋಡಿದಳು. ಗೆರೆಗಳು ಕಿರಿದಾಗಿ ಆಳವಾಗಿದ್ದರೆ ಬೇಡವೇ ಬೇಡ. ಸಗಣಿ ಅದರೊಳಗೆ ಕೂತರೆ ಬ್ರಷ್ ಹೋಗೋದಿಲ್ಲ, ಸಗಣಿ ಇರುವ ಕಡೆ ಸೋಂಕು ನಿವಾರಕ ಸರಿಯಾಗಿ ಕೆಲಸ ಮಾಡೋದಿಲ್ಲ. ಕಾಲುಬಾಯಿ ಜ್ವರದಂಥ ರೋಗ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ನಮ್ಮ ಬೂಟಿನಲ್ಲೇ ಹೋಗಬಹುದು. "ವಾಸಿ ಮಾಡೋಕೆ ಹೋದವರೇ ರೋಗ ಹೊತ್ತುಕೊಂಡು ಹೋಗಬಾರದು ಕಣೇ" ಅಂದಾಗ ಅವಳ ದನಿ ಗಂಭೀರವಾಗಿತ್ತು. ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿದೆ.

ಕಿವಿ ನೋಡೋ, ಕಣ್ಣು ನೋಡೋ ಯಂತ್ರಗಳು ಪಟ್ಟಿಯಲ್ಲಿ 'ಬೇಕಿದ್ದರೆ' ಅಂತ ಇದ್ದವು. ಬಿಟ್ಟೆವು. ಅವುಗಳ ಹೊತ್ತಿಗೆ ಇನ್ನೂ ವರ್ಷಗಳಿವೆ.

ವಾಪಸ್ ಬರುವಾಗ ಅಕ್ಕ ತನಗೆ ಗೊತ್ತಿರುವವರ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಮೆಲುಕು ಹಾಕುತ್ತಾ ಒಂದು ಕಪ್ಪು ಹಸು ನಿಂತಿತ್ತು. ಅದರ ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ ಇರುವ ಗುಳಿಯಲ್ಲಿ ಸ್ಟೆತೊಸ್ಕೋಪ್ ಇಡಿಸಿದಳು. ಮೊದಲು ಏನೂ ಇಲ್ಲ. "ಕಾಯಿ, ನಿಮಿಷಕ್ಕೆ ಒಂದೆರಡು ಸಲ ಬರುತ್ತೆ." ಕಾದೆ. ಕಲ್ಲು ತುಂಬಿದ ಗಾಡಿಯೊಂದು ದೂರದಿಂದ ಉರುಳುತ್ತಾ ಬಂದು ನನ್ನನ್ನು ದಾಟಿ ಹೋದ ಹಾಗಾಯಿತು. ದೊಡ್ಡ ಹೊಟ್ಟೆ ಮೇವನ್ನು ಮಗುಚುವ ಸದ್ದು ಅದು. ಆ ಗುಳಿಯ ಮೇಲೆ ನನ್ನ ಎಡ ಮುಷ್ಟಿ ಒತ್ತಿ ಹಿಡಿದಿದ್ದೆ, ಕಿವಿಗೆ ಸದ್ದು ಬಂದಾಗಲೇ ಮುಷ್ಟಿಯನ್ನೂ ಅದು ಮೇಲಕ್ಕೆ ತಳ್ಳಿತು. ಹಸು ಒಮ್ಮೆ ತಿರುಗಿ ನೋಡಿ ಮತ್ತೆ ಮೆಲುಕು ಹಾಕತೊಡಗಿತು.

ರಾತ್ರಿ ಎಲ್ಲವನ್ನೂ ಮಂಚದ ಮೇಲೆ ಹರಡಿಕೊಂಡು ಕೂತೆ. ಬಾಗಿದ ಫೋರ್ಸೆಪ್ಸನ್ನು ಎಡಗೈಗೆ ಸಿಕ್ಕಿಸಿ, ದಿಂಬಿನ ಹೊಲಿಗೆಯಿಂದ ಹೊರಗೆ ಬಂದಿದ್ದ ಒಂದು ನೂಲನ್ನು ಕಚ್ಚಿಸಿದೆ. ಹೆಬ್ಬೆರಳು ಒಳಕ್ಕೆ, ಉಂಗುರದ ಬೆರಳು ಆಚೆಗೆ. ನೂಲು ಅಲುಗಾಡಿತು. ಮತ್ತೆ ಹಿಡಿದೆ, ಮತ್ತೆ ಬಿಟ್ಟೆ. ನಲವತ್ತನೆಯ ಸಲವೋ ಏನೋ, ಹಲ್ಲು ಬಿಟ್ಟುಕೊಂಡಿತು, ನೂಲು ಇದ್ದಲ್ಲೇ ಇತ್ತು.