ಕಾಫಿ ಕೊಯ್ಲು ನೋಡಲು ಹೋಗುವವರು ‘ಫೇರ್‌ಟ್ರೇಡ್’ ಫಲಕವನ್ನು ನಂಬುವ ಮುನ್ನ

ಕೊಯ್ಲಿನ ಕಾಲದಲ್ಲಿ ಚಿಕ್ಕಮಗಳೂರಿಗೆ ಹೊರಡುವವರು, ‘ಫೇರ್‌ಟ್ರೇಡ್ ಎಸ್ಟೇಟ್’ (ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಗುವ ತೋಟ ಎಂಬರ್ಥದಲ್ಲಿ) ಎಂಬ ಫಲಕವಿರುವ ವಸತಿಗೆ ದುಬಾರಿ ಬಾಡಿಗೆ ಕೊಡುವ ಮುನ್ನ ದಯವಿಟ್ಟು ಪ್ರಮಾಣಪತ್ರ ಕೇಳಿ. ನಾವು ತಂಗಿದ್ದ ಹೋಂಸ್ಟೇಯಲ್ಲಿ ರಾತ್ರಿಗೆ ಏಳು ಸಾವಿರ ರೂಪಾಯಿ ಪಡೆದರು. ಗೋಡೆಗಳು ತೇವ ಹಿಡಿದಿದ್ದವು, ಬಿಸಿನೀರು ಬರಲಿಲ್ಲ. ಅದನ್ನು ಹೇಗೋ ಸಹಿಸಿಕೊಂಡೆವು. ಆದರೆ ಕಾಲು ಕಿಲೋ ಪುಡಿಯನ್ನು ಎಂಟುನೂರು ರೂಪಾಯಿಗೆ ಮಾರುತ್ತಾ ‘ಲಾಭವೆಲ್ಲ ರೈತರಿಗೆ’ ಎಂದವರು, ಯಾವ ಊರಿನ ಯಾವ ರೈತರಿಗೆ ಎಂದು ಕೇಳಿದಾಗ ಮಾತು ಬದಲಿಸಿದ್ದನ್ನು ಮಾತ್ರ ಸಹಿಸಲಾಗಲಿಲ್ಲ.

ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಸಂಸ್ಥೆಯ ನಿಯಮದಂತೆ ಕಾಫಿಗೆ ಆ ಮುದ್ರೆ ಸಿಗುವುದು ಸಣ್ಣ ಬೆಳೆಗಾರರ ಸಂಘಗಳಿಗೆ. ಕೂಲಿಯಾಳುಗಳನ್ನೇ ನಂಬಿದ ದೊಡ್ಡ ಎಸ್ಟೇಟುಗಳಿಗಲ್ಲ. 2023ರ ಆಗಸ್ಟ್‌ನಿಂದ ತೊಳೆದು ಸಂಸ್ಕರಿಸಿದ ಅರೇಬಿಕಾ ಕಾಫಿಗೆ ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, ಕನಿಷ್ಠ 1.80 ಡಾಲರ್ ಕೊಡಲೇಬೇಕು. ಮಾರುಕಟ್ಟೆ ದರ ಅದಕ್ಕಿಂತ ಮೇಲಿದ್ದರೆ ಆ ದರವನ್ನೇ ಕೊಡಬೇಕು. ಇದರ ಜೊತೆಗೆ ಸಂಘಕ್ಕೆ ಸೇರುವ 20 ಸೆಂಟ್‌ಗಳನ್ನು ಯಾವುದಕ್ಕೆ ವಿನಿಯೋಗಿಸಬೇಕೆಂದು ಸದಸ್ಯರು ಸಭೆಯಲ್ಲಿ ತೀರ್ಮಾನಿಸುತ್ತಾರೆ.

ಮೂಡಿಗೆರೆಯ ಕಡೆಗೆ ಹೋದ ಮೇಲೆ ಪ್ರವಾಸ ಸಾರ್ಥಕವಾಯಿತು. ಕೊಟ್ಟಿಗೆಹಾರದ ಒಂದು ಪುಟ್ಟ ಹೋಟೆಲಿನಲ್ಲಿ ಕಾವಲಿಯಿಂದ ಆಗಷ್ಟೇ ತೆಗೆದ, ಅಂಚು ಮಡಿಸಿದರೂ ಹರಿಯದಷ್ಟು ಮೃದುವಾದ ನೀರುದೋಸೆಯನ್ನು ಖಾರ ಚಟ್ನಿಯ ಜೊತೆ ಬೇಕೆನಿಸಿದಷ್ಟು ತಿಂದು, ಬೆಲ್ಲದ ಕಾಫಿ ಕುಡಿದರೂ ಇಬ್ಬರಿಗೆ ಇನ್ನೂರು ರೂಪಾಯಿ ದಾಟಲಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಕೂರಲು ಜಾಗ ಸಿಗುತ್ತದೆ. ಅಲ್ಲಿ ಪರಿಚಯವಾದ ಸಣ್ಣ ಬೆಳೆಗಾರರೊಬ್ಬರು ತಮ್ಮ ಕಣಕ್ಕೆ ಕರೆದೊಯ್ದರು. ಲಂಡನ್ ಮಾರುಕಟ್ಟೆ ಏರಿದಾಗ ಇಲ್ಲಿನ ರೋಬಸ್ಟಾ ಕಾಫಿಯ ದರವೂ ಏರುವುದು ನಿಜವಾದರೂ, ಐವತ್ತು ಕಿಲೋ ಚೀಲವನ್ನು ತೂಗುವಾಗ ಓಟಿ (ಒಣಗಿದ ಕಾಯಿಯಿಂದ ಸಿಗುವ ಬೀಜದ ಪ್ರಮಾಣ) ಕಡಿಮೆ ಬಂತು, ತೇವಾಂಶ ಹೆಚ್ಚಾಯಿತು ಎಂದು ವ್ಯಾಪಾರಿ ಕಡಿತ ಮಾಡಿದರೆ ಒಂಟಿ ಬೆಳೆಗಾರನಿಗೆ ವಾದಿಸುವ ಬಲವಿರುವುದಿಲ್ಲ ಎಂದು ಅವರು ವಿವರಿಸಿದರು. 1990ರ ದಶಕದಲ್ಲಿ ಕಾಫಿ ಮಂಡಳಿಯೇ ಬೆಳೆಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ವ್ಯವಸ್ಥೆ ಕೊನೆಗೊಂಡ ಮೇಲೆ ಮಾರುವ ಸ್ವಾತಂತ್ರ್ಯವೂ ನಷ್ಟದ ಭಯವೂ ಬೆಳೆಗಾರನ ಪಾಲಿಗೇ ಬಂದಿವೆ. ಸಂಘ ಏಕೆ ಬೇಕೆಂಬುದು ನನಗೆ ಸ್ಪಷ್ಟವಾದದ್ದು ಆ ಕಣದಲ್ಲಿ.

ಅರೇಬಿಕಾ ಕೊಯ್ಲು ನೋಡಬೇಕಾದರೆ ಡಿಸೆಂಬರಿನಲ್ಲಿ, ರೋಬಸ್ಟಾ ನೋಡಬೇಕಾದರೆ ಜನವರಿಯ ನಂತರ ಹೋಗಿ. ವಾರಾಂತ್ಯದ ವಾಹನ ಸಾಲು ನನಗಂತೂ ಅಸಹನೀಯ, ಆದ್ದರಿಂದ ವಾರದ ನಡುವೆ ಹೋಗುವುದೇ ಮೇಲು. ಪುಡಿಯನ್ನು ಬೆಳೆಗಾರರ ಮನೆಯಲ್ಲೇ ಕೊಂಡು ಹಣವನ್ನು ಅವರ ಕೈಗೇ ಕೊಡಿ. ಹಣ್ಣು ಬಿಡಿಸುತ್ತಿರುವವರನ್ನು ಫೋಟೊಗಾಗಿ ನಿಲ್ಲಿಸಬೇಡಿ. ಹಲವು ತೋಟಗಳಲ್ಲಿ ಅವರ ಕೂಲಿ ಕಿಲೋ ಲೆಕ್ಕದ್ದು.