ಡೊಂಬಿವಲಿ ಮನೇಲಿ ಕನ್ನಡ ಪಿಚ್ಚರ್

ರಾತ್ರಿ ಊಟ ಆದ್ಮೇಲೆ ಅಮ್ಮ ರಿಮೋಟಿನ ಮೈಕ್ ಬಟನ್ ಒತ್ತಿ "ಕನ್ನಡ ಪಿಚ್ಚರ್" ಅಂತಾರೆ, ಬರೋದ್ರಲ್ಲಿ ಎಷ್ಟೋ ಡಬ್ಬಿಂಗೇ. ಆದ್ರೂ ಖುಷಿ, ಯಾಕಂದ್ರೆ ಇಲ್ಲಿ ಮುಂಬೈ ಹತ್ರ ಡೊಂಬಿವಲಿ ಕಡೆ ಥಿಯೇಟರಲ್ಲಿ ಕನ್ನಡ ಸಿನಿಮಾ ಸಿಕ್ಕಿದ್ರೆ ಒಂದೋ ಎರಡೋ ಶೋ, ಅದೂ ಅಮ್ಮಂಗೆ ಲೋಕಲ್ ಟ್ರೇನ್ ಹತ್ಕೊಂಡು ಹೋಗೋಕಾಗಲ್ಲ. ಮನೇಲೇ ಸಿನಿಮಾ ತೋರ್ಸೋ ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋ ಎರಡೂ 2016ರಲ್ಲಿ ಇಂಡಿಯಾಕ್ಕೆ ಬಂದ್ವು, ನಮ್ಮ ಜನರ ಜೇಬು ನೋಡ್ಕೊಂಡು ನೆಟ್‌ಫ್ಲಿಕ್ಸ್ 2019ರಲ್ಲಿ 199 ರೂಪಾಯಿಯ ಮೊಬೈಲ್ ಪ್ಲಾನೂ ತಂತು. ರೇಟ್ ಹೀಗೆ ದೇಶ ನೋಡಿ ಬದಲಾಗುತ್ತೆ ಅಂದ್ಮೇಲೆ ಭಾಷೆನೂ ನೋಡ್ಬೇಕಲ್ವಾ? ಯುರೋಪಿಯನ್ ಯೂನಿಯನ್ 2018ರಲ್ಲೇ ಕಾನೂನು ಮಾಡಿ, ಇಂಥ ಕಂಪನಿಗಳ ಸಿನಿಮಾ-ಸೀರೀಸ್ ಪಟ್ಟೀಲಿ ಕಮ್ಮಿ ಅಂದ್ರೂ ಶೇ. 30 ಯುರೋಪಿಂದೇ ಇರ್ಬೇಕು ಅಂದಿದೆ. ನಮ್ಮಲ್ಲೂ ಅಂಥದ್ದು ಬರ್ಲಿ, ಆದ್ರೆ ಬರೀ "ಭಾರತದ್ದು" ಅಂದ್ರೆ ಹಿಂದೀಲೇ ಮುಗ್ದೋಗುತ್ತೆ, ಭಾಷೆ ಭಾಷೆಗೂ ಬೇರೆ ಪಾಲು ಬೇಕು.