ಆಟಿ ಮಳೆಗೂ ಕೆಂಪು ಚುಕ್ಕೆಗೂ ಆಗಿಬರುವುದಿಲ್ಲ

ಗಾಜಿನಲ್ಲಿ ಕೆಂಪು ಚುಕ್ಕೆ ಮೂಡಿಸಿ ಗುರಿ ತೋರಿಸುವ ರೆಡ್ ಡಾಟ್ ಸೈಟ್ ಕೂರಿಸಿದ ಕೋವಿ ಗುರಿ ತಪ್ಪತೊಡಗಿದರೆ ಎಲ್ಲರ ಕೈ ಮೊದಲು ಹೋಗುವುದು ಚುಕ್ಕೆ ಸರಿಸುವ ತಿರುಪಿಗೆ. ನೋಡಬೇಕಾದ್ದು ಬುಡದ ಸ್ಕ್ರೂಗಳನ್ನು. ಸೈಟ್ ಕೆಡುವುದು ಅಪರೂಪ, ಅದನ್ನು ಕೋವಿಗೆ ಹಿಡಿಸುವ ಮೌಂಟ್ ಸಡಿಲವಾಗುವುದೇ ಹೆಚ್ಚು.

ಕೋವಿ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡೇ ಕೆಲಸ ಶುರು ಮಾಡಿ. ಏರ್‌ಗನ್ನಿನ ಮೇಲೆ ಸಾಮಾನ್ಯವಾಗಿ 11 ಮಿ.ಮೀ. ಡವ್‌ಟೈಲ್, ಅಂದರೆ ಮೌಂಟ್ ಕೂರಿಸುವ ಓರೆ ಅಂಚಿನ ಪಟ್ಟಿ ಇರುತ್ತದೆ, ಅದಕ್ಕಿಂತ ಅಗಲವಾದ ಪಿಕಟಿನಿ ರೈಲಿನ ಮೌಂಟ್ ಅದಕ್ಕೆ ಹಿಡಿಯದು. ಹಳೆಯ 12 ಬೋರಿನ ಕೋವಿಯಲ್ಲಿ ಇಂಥ ರೈಲೇ ಇರುವುದಿಲ್ಲ. ಅದಕ್ಕೆ ಮನೆಯಲ್ಲಿ ಡ್ರಿಲ್ ಹಾಕಲು ಹೋಗಬೇಡಿ, ಲೈಸೆನ್ಸ್ ಇರುವ ರಿಪೇರಿಯವರ ಕೆಲಸ ಅದು. ಸ್ಕ್ರೂ ಮತ್ತು ರಂಧ್ರದ ಎಣ್ಣೆಯನ್ನು ಸ್ಪಿರಿಟ್‌ನಿಂದ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್ ಒಂದೇ ಹನಿ ಹಾಕಿ. ಕೆಂಪಿನದು ಬೇಡ. ಅದನ್ನು ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ, ಒಳಗಿನ ಎಲೆಕ್ಟ್ರಾನಿಕ್ಸ್ ಆ ಬಿಸಿ ತಡೆಯದು. ಬಿಗಿ ಎಷ್ಟೆಂಬುದು ಸೈಟಿನ ಜೊತೆ ಬಂದ ಚೀಟಿಯಲ್ಲಿರುತ್ತದೆ. ಕೈಬಲ ತೋರಿಸಿದರೆ ಅಲ್ಯೂಮಿನಿಯಂ ರಂಧ್ರದ ಥ್ರೆಡ್ ಹರಿದುಹೋಗುತ್ತದೆ. ಆಮೇಲೆ ಸ್ಕ್ರೂ ತಲೆಯಿಂದ ಮೌಂಟಿನವರೆಗೆ ಬಿಳಿ ಪೇಂಟಿನ ಸಣ್ಣ ಗೀಟು ಎಳೆಯಿರಿ. ಗೀಟು ತುಂಡಾಗಿ ಕಂಡಿತೋ, ಸ್ಕ್ರೂ ತಿರುಗಿದೆ ಎಂದೇ ಲೆಕ್ಕ.

ಸ್ಪ್ರಿಂಗ್ ಏರ್‌ಗನ್ ಇದರಲ್ಲಿ ಇನ್ನೂ ಕಿಲಾಡಿ. ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ಕೊನೆಗೆ ಬಡಿದಾಗ ಮುಂದಕ್ಕೂ ಎಳೆಯುತ್ತದೆ. ಅಗ್ಗದ ಸೈಟುಗಳು ಸಾಯುವುದು ಈ ಎರಡನೇ ಪೆಟ್ಟಿಗೆ. ಮೌಂಟ್ ಹಿಂದಕ್ಕೆ ಜಾರದಂತೆ ಸ್ಟಾಪ್ ಪಿನ್ ಇರುವುದನ್ನೇ ಕೊಳ್ಳಿ.

ಚುಕ್ಕೆಗೂ ಗುಂಡಿಗೂ ಗುರಿ ಕೂಡಿಸಲು ಅನುಮತಿಯಿರುವ ಶೂಟಿಂಗ್ ರೇಂಜ್, ಮರಳಿನ ಚೀಲದ ಆಸರೆ, 25 ಮೀಟರ್ ಸಾಕು. ಒಂದೊಂದೇ ಗುಂಡಿಗೆ ತಿರುಪು ಮುಟ್ಟಬೇಡಿ. ಮೂರು ಹೊಡೆದು, ಅವುಗಳ ನಡುಭಾಗ ಅಳೆಯಿರಿ. ತಿರುಪಿನ ಅಳತೆ ಎಂಒಎ, ಡಿಗ್ರಿಯ ಅರವತ್ತನೇ ಒಂದು ಭಾಗ. 1 ಎಂಒಎ ಎಂದರೆ 100 ಮೀಟರಿಗೆ 2.9 ಸೆಂ.ಮೀ., 25 ಮೀಟರಿಗೆ ಸುಮಾರು 7 ಮಿ.ಮೀ. ನಡುಭಾಗ ಮೂರೂವರೆ ಸೆಂ.ಮೀ. ಕೆಳಗಿದ್ದರೆ, ಕ್ಲಿಕ್ಕಿಗೆ 1 ಎಂಒಎ ಇರುವ ಸೈಟಿನಲ್ಲಿ ಐದು ಕ್ಲಿಕ್ ಮೇಲಕ್ಕೆ. ತಿರುಪಿನ ಬಾಣ ತೋರಿಸುವುದು ಗುಂಡು ಹೋಗುವ ದಿಕ್ಕನ್ನು, ಚುಕ್ಕೆಯ ದಿಕ್ಕನ್ನಲ್ಲ. ಹೆಚ್ಚಿನವರು ಉಲ್ಟಾ ತಿರುಗಿಸುವುದು ಇಲ್ಲೇ. ಸೈಟ್ ನಳಿಗೆಯಿಂದ 4 ಸೆಂ.ಮೀ. ಮೇಲಿದ್ದರೆ, 25ಕ್ಕೆ ಕೂಡಿಸಿದ ಕೋವಿಯ ಗುಂಡು 5 ಮೀಟರಿನಲ್ಲಿ ಎರಡೂವರೆಯಿಂದ ಮೂರು ಸೆಂ.ಮೀ. ಕೆಳಗೆ ಬೀಳುತ್ತದೆ. ಅದು ದೋಷವಲ್ಲ.

ಚುಕ್ಕೆ ನಕ್ಷತ್ರದಂತೆ ಚೆದುರಿ ಕಂಡರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ. ಫೋಟೋದಲ್ಲಿ ದುಂಡಗಿದ್ದರೆ ತೊಂದರೆ ನಿಮ್ಮ ಕಣ್ಣಿನದು, ಆಸ್ಟಿಗ್ಮಾಟಿಸಂ ಎಂಬ ದೃಷ್ಟಿದೋಷ. ಚುಕ್ಕೆಯ ಬೆಳಕು ಕಡಿಮೆ ಮಾಡಿದರೆ ಚೆದುರುವುದೂ ಕಡಿಮೆಯಾಗುತ್ತದೆ. ರಾತ್ರಿ ಹಂದಿ ಕಾಯುವವರಿಗೂ ಇದೇ ಮಾತು: ಮಂದ ಬೆಳಕು ಸಾಕು, ಹೆಚ್ಚಾದರೆ ಚುಕ್ಕೆ ಉಬ್ಬಿ ಗುರಿಯನ್ನೇ ಮುಚ್ಚುತ್ತದೆ. ನಮ್ಮ ಕಾಸರಗೋಡಿನಲ್ಲಿ ಕಾಡುಹಂದಿಗೆ ಗುಂಡು ಹಾರಿಸಲು ಪಂಚಾಯತಿನ ಆದೇಶ ಬೇಕೆಂಬುದು ಬೇರೆ. 2022ರಲ್ಲಿ ಕೇರಳ ಸರ್ಕಾರ ಆ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿದೆ.

ಇನ್ನು ಮಳೆ. ಇಲ್ಲಿನ ಬದಿಯಡ್ಕ, ಪೆರ್ಲದ ಕಡೆ ಆಟಿಯಲ್ಲಿ, ಜುಲೈ-ಆಗಸ್ಟಿನ ಮಳೆಯ ತಿಂಗಳಲ್ಲಿ, ಅಡಿಕೆಗೆ ಬೂಷ್ಟು ಹಿಡಿಯುವ ಗಾಳಿಯೇ ಲೆನ್ಸಿಗೂ ತಾಗುವುದು. ಫಂಗಸ್ ಜೇಡರ ಬಲೆಯ ಎಳೆಯಂತೆ ಅಂಚಿನಿಂದ ಹಬ್ಬಿ ಕೋಟಿಂಗ್ ತಿನ್ನುತ್ತದೆ, ಒರೆಸಿದರೆ ಹೋಗದು. ಒಂದೇ ಗಾಜಿದ್ದು ಹಿಂಬದಿ ತೆರೆದ ಮಾದರಿಯಲ್ಲಿ ಚುಕ್ಕೆ ಮೂಡಿಸುವ ಎಲ್‌ಇಡಿಯ ಮೇಲೆ ಒಂದು ಹನಿ ಕೂತರೂ ಚುಕ್ಕೆ ಒಡೆಯುತ್ತದೆ. ನಮ್ಮೂರಿಗೆ ಮುಚ್ಚಿದ ಕೊಳವೆಯ ಸೈಟೇ ಸರಿ, ತೂಕ ಸ್ವಲ್ಪ ಹೆಚ್ಚಾದರೂ. ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಎರಡೂ ತೇವ ಹೀರಿ ಇಟ್ಟುಕೊಳ್ಳುತ್ತವೆ. ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿ ಉತ್ತಮ. ನೀಲಿ ಹರಳು ಗುಲಾಬಿಯಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ, ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಎ.ಸಿ. ಕಾರಿನಿಂದ ಇಳಿಸಿದಾಗ ಹೊರಗೆ ಕಟ್ಟುವ ಮಂಜು ತಾನಾಗಿ ಹೋಗುತ್ತದೆ. ಒಳಗೆ ಮಂಜು ಕಂಡರೆ ಸೀಲ್ ಹೋಗಿದೆ.

ಲೆನ್ಸನ್ನು ಮುಂಡಿನ (ಪಂಚೆಯ) ತುದಿಯಿಂದ ಒರೆಸಬೇಡಿ. ಮೊದಲು ಬ್ಲೋವರಿನಿಂದ ಧೂಳು ಊದಿ, ಆಮೇಲೆ ಮೈಕ್ರೋಫೈಬರ್. ನಳಿಗೆಗೆ ಎಣ್ಣೆ ಸ್ಪ್ರೇ ಮಾಡುವಾಗ ಸೈಟಿಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿ.

ಬ್ಯಾಟರಿ ಹೆಚ್ಚಾಗಿ ನಾಣ್ಯದಂಥ ಸಿಆರ್ 2032. ಮಕ್ಕಳು ನುಂಗದಂತೆ ಕಹಿ ಲೇಪ ಹಚ್ಚಿದವು ಕೆಲವು ಸೈಟಿನಲ್ಲಿ ಸಂಪರ್ಕ ಕೊಡುವುದಿಲ್ಲ, ಸ್ಪಿರಿಟ್‌ನಿಂದ ಒರೆಸಿದರೆ ಸರಿಹೋಗಬಹುದು. ವರ್ಷಕ್ಕೊಮ್ಮೆ, ಮಳೆ ಶುರುವಾಗುವ ಮೊದಲೇ ಬದಲಿಸಿ. ಬ್ಯಾಟರಿ ಸೈಟಿನ ಅಡಿಯಲ್ಲಿದ್ದು ಮೌಂಟ್ ಬಿಚ್ಚಬೇಕಾಗಿ ಬಂದರೆ, ಮತ್ತೆ ಮೂರು ಗುಂಡು ಹೊಡೆದು ನೋಡಲೇಬೇಕು.